ಸಹಿಗೆ ಮುಂಚಿನ ಗಳಿಗೆ

1977ರ ಏಪ್ರಿಲ್ 29ರಂದು ದೆಹಲಿಯ ರಾಷ್ಟ್ರಪತಿ ಭವನಕ್ಕೆ ಕೇಂದ್ರ ಸಂಪುಟದಿಂದ ಒಂದು ಸಲಹೆ ಬಂತು. ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ಒಟ್ಟಿಗೇ ವಿಸರ್ಜಿಸಬೇಕು, ಅದಕ್ಕೆ ಅಂಕಿತ ಬೇಕು. ಅಂಕಿತ ಹಾಕಬೇಕಾದವರು ಬಸಪ್ಪ ದಾನಪ್ಪ ಜತ್ತಿ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿಯಲ್ಲಿ ವಕೀಲಿ ಮಾಡಿ ಮೇಲೆ ಬಂದವರು. ಮೈಸೂರು ರಾಜ್ಯದ ಮುಖ್ಯಮಂತ್ರಿ, ಪುದುಚೇರಿಯ ಲೆಫ್ಟಿನೆಂಟ್ ಗವರ್ನರ್, ಒಡಿಶಾದ ರಾಜ್ಯಪಾಲ, ಕೊನೆಗೆ ಉಪರಾಷ್ಟ್ರಪತಿ ಆದವರು. ಆ ಫೆಬ್ರುವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಹುದ್ದೆಯಲ್ಲಿರುವಾಗಲೇ ತೀರಿಕೊಂಡದ್ದರಿಂದ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾಗಿದ್ದರು.

ಆ ದಿನ ಅವರು ಸಹಿ ಹಾಕಲಿಲ್ಲ.

ಒಂಬತ್ತೂ ರಾಜ್ಯಗಳಲ್ಲಿ ಮಾರ್ಚ್ ತಿಂಗಳ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ನೆಲ ಕಚ್ಚಿತ್ತು. ಲೋಕಸಭೆಗೆ ಸೋತವರು ವಿಧಾನಸಭೆಯಲ್ಲೂ ಜನರ ವಿಶ್ವಾಸ ಕಳೆದುಕೊಂಡಂತೆಯೇ ಎಂಬುದು ಮೊರಾರ್ಜಿ ದೇಸಾಯಿ ನೇತೃತ್ವದ ಜನತಾ ಸರ್ಕಾರದ ವಾದ. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. ಅರ್ಜಿಗಳನ್ನು ನ್ಯಾಯಾಲಯ ಅದೇ 29ರಂದು ತಳ್ಳಿಹಾಕಿತ್ತು. ಜತ್ತಿಯವರು ಮಾತ್ರ ಯೋಚಿಸಲು ಸಮಯ ಬೇಕೆಂದರು. ದೆಹಲಿ ಕುದಿಯಿತು. ಸಂಪುಟದ ಸಲಹೆಗೆ ರಾಷ್ಟ್ರಪತಿ ಬದ್ಧರು ಎಂದು ಪ್ರಧಾನಿ ಪತ್ರ ಬರೆದು ನೆನಪಿಸಿದರು. ಮರುದಿನ, 30ರಂದು, ಅಂಕಿತ ಬಿತ್ತು.

ಒಂದು ದಿನದ ಆ ತಡೆಯನ್ನು ಅಂದು ಬಹಳ ಮಂದಿ ಕಾಂಗ್ರೆಸ್ ನಿಷ್ಠೆ ಎಂದು ಹೀಗಳೆದರು. ಆದರೆ ಮೂರು ವರ್ಷ ಕಳೆಯುವಷ್ಟರಲ್ಲಿ ಏನಾಯಿತು? 1980ರ ಜನವರಿಯಲ್ಲಿ ಇಂದಿರಾ ಗಾಂಧಿ ಅಧಿಕಾರಕ್ಕೆ ಮರಳಿದರು. ಫೆಬ್ರುವರಿ 17ರಂದು ಅವರ ಸರ್ಕಾರ ಜನತಾ ಸರ್ಕಾರದ್ದೇ ವಾದವನ್ನು ಹಿಡಿದು, ಲೆಕ್ಕವಿಟ್ಟಂತೆ ಒಂಬತ್ತೇ ವಿಧಾನಸಭೆಗಳನ್ನು ವಿಸರ್ಜಿಸಿತು. ಜತ್ತಿಯವರ ಹಿಂಜರಿಕೆಗೆ ಪಕ್ಷದ ಒಲವು ಎಷ್ಟು ಕಾರಣ, ಸಂವಿಧಾನದ ಕಾಳಜಿ ಎಷ್ಟು ಕಾರಣ ಎಂದು ಅಳೆಯುವುದು ಕಷ್ಟ. ಆ ಕಡತ ಒಂದು ದಿನ ನಿಲ್ಲಬೇಕಾದ ಕಡತವಾಗಿತ್ತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ನಾಯಕತ್ವ ಕುರಿತ ಪುಸ್ತಕಗಳು ಅಮೆರಿಕದ ಅಧ್ಯಕ್ಷರನ್ನು ಎತ್ತಿ ಆಡಿಸುತ್ತವೆ. ಲಿಂಕನ್ ತಮ್ಮ ಎದುರಾಳಿಗಳನ್ನೇ ಮಂತ್ರಿಗಳನ್ನಾಗಿ ಮಾಡಿಕೊಂಡದ್ದು, ಕ್ಯೂಬಾ ಬಿಕ್ಕಟ್ಟಿನ ಹದಿಮೂರು ದಿನ ಕೆನಡಿ ತಲೆ ತಣ್ಣಗಿಟ್ಟುಕೊಂಡದ್ದು ಬೆಂಗಳೂರಿನ ಯಾವುದೇ ಕಾರ್ಪೊರೇಟ್ ತರಬೇತಿಯಲ್ಲಿ ಕೇಳಸಿಗುವ ಕತೆಗಳು. ಅವು ಅಪ್ಪಣೆ ಕೊಡುವ ಅಧಿಕಾರ ಕೈಯಲ್ಲಿದ್ದವರ ಕತೆಗಳು. ದುಡಿಯುವವರಲ್ಲಿ ಹೆಚ್ಚಿನವರಿಗೆ ಆ ಭಾಗ್ಯವಿಲ್ಲ. ಯಾರೋ ನಿರ್ಧರಿಸಿದ್ದಕ್ಕೆ, ಯಾರೋ ಸಿದ್ಧಪಡಿಸಿದ್ದಕ್ಕೆ ಕೆಳಗೆ ತಮ್ಮ ಹೆಸರು ಬರೆಯುವುದು ಅವರ ಕೆಲಸ. ಲೆಕ್ಕಪರಿಶೋಧಕ ಆಯವ್ಯಯ ಪಟ್ಟಿಗೆ ಸಹಿ ಹಾಕುತ್ತಾರೆ, ಎಂಜಿನಿಯರ್ ಅಳತೆ ಪುಸ್ತಕಕ್ಕೆ, ಬ್ಯಾಂಕ್ ಮ್ಯಾನೇಜರ್ ಸಾಲದ ಕಾಗದಕ್ಕೆ, ಪಿಡಿಒ ಬಿಲ್ಲಿಗೆ, ವೈದ್ಯರು ಪ್ರಮಾಣಪತ್ರಕ್ಕೆ. ಅಂಥವರಿಗೆ ಪಾಠ ಬೇಕಿದ್ದರೆ ವಾಷಿಂಗ್ಟನ್‌ಗಿಂತ ರೈಸಿನಾ ಗುಡ್ಡ ಹತ್ತಿರ. ಅಲ್ಲಿ 340 ಕೋಣೆಗಳ ಮನೆಯಲ್ಲಿರುವವರ ಮುಖ್ಯ ಕೆಲಸವೂ ಬೇರೆಯವರ ನಿರ್ಧಾರದ ಕೆಳಗೆ ತಮ್ಮ ಹೆಸರು ಬರೆಯುವುದೇ.

ಈ ವಿಚಿತ್ರ ಹುದ್ದೆಯ ಅಳತೆ ಎಷ್ಟು ಎಂಬ ಪ್ರಶ್ನೆ ಮೊದಲ ರಾಷ್ಟ್ರಪತಿಯ ಕಾಲಕ್ಕೇ ಎದ್ದಿತು. ಕಾರ್ಯಾಂಗದ ಅಧಿಕಾರವೆಲ್ಲ ರಾಷ್ಟ್ರಪತಿಯಲ್ಲಿ ನಿಹಿತ ಎಂದು ಸಂವಿಧಾನದ 53ನೇ ವಿಧಿ ಹೇಳುತ್ತದೆ. ನೆರವು ಮತ್ತು ಸಲಹೆ ಕೊಡಲು ಮಂತ್ರಿಮಂಡಲ ಇರತಕ್ಕದ್ದು ಎಂದು 74ನೇ ವಿಧಿ ಹೇಳುತ್ತದೆ. ಸಲಹೆ ಒಪ್ಪಲೇಬೇಕೆ? ಮೂಲ ಪಠ್ಯದಲ್ಲಿ ಅದಕ್ಕೆ ಬಾಯಿಬಿಟ್ಟು ಉತ್ತರವಿರಲಿಲ್ಲ. ಹಿಂದೂ ಸಂಹಿತೆ ಮಸೂದೆ ರಾಜೇಂದ್ರ ಪ್ರಸಾದರಿಗೆ ಒಪ್ಪಿಗೆಯಾಗಿರಲಿಲ್ಲ. ಈ ವಿಷಯದಲ್ಲಿ ತಮ್ಮ ವಿವೇಚನೆಯಂತೆ ನಡೆಯಲು ಬಯಸುವುದಾಗಿ 1951ರ ಸೆಪ್ಟೆಂಬರಿನಲ್ಲಿ ನೆಹರೂಗೆ ಬರೆದರು. ನೆಹರೂ ಅಟಾರ್ನಿ ಜನರಲ್ ಎಂ.ಸಿ. ಸೆಟಲ್ವಾಡ್ ಮತ್ತು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರನ್ನು ಕೇಳಿದರು. ಸಲಹೆಯಂತೆಯೇ ನಡೆಯಬೇಕು ಎಂದು ಇಬ್ಬರೂ ಹೇಳಿದರು.

ರಾಜೇಂದ್ರ ಪ್ರಸಾದರಿಗೆ ಆ ಉತ್ತರ ಪೂರ್ತಿ ಒಗ್ಗಲಿಲ್ಲ. 1960ರ ನವೆಂಬರ್ 28ರಂದು ದೆಹಲಿಯ ಭಾರತೀಯ ಕಾನೂನು ಸಂಸ್ಥೆಯ ಕಟ್ಟಡಕ್ಕೆ ಅಡಿಗಲ್ಲು ಹಾಕುವಾಗಲೂ, ರಾಷ್ಟ್ರಪತಿಯ ಅಧಿಕಾರವೆಷ್ಟು ಎಂಬುದನ್ನು ಪಂಡಿತರು ಅಧ್ಯಯನ ಮಾಡಬೇಕು ಎಂದರು. ಆದರೂ ಅದಕ್ಕೆ ಬಹಳ ಮುಂಚೆಯೇ, 1955ರಲ್ಲಿ ಹಿಂದೂ ವಿವಾಹ ಕಾಯ್ದೆಗೆ, 1956ರಲ್ಲಿ ಉತ್ತರಾಧಿಕಾರ ಕಾಯ್ದೆಗೆ ಅವರೇ ಅಂಕಿತ ಹಾಕಿದ್ದರು. ಭಿನ್ನಾಭಿಪ್ರಾಯವನ್ನು ಪತ್ರದಲ್ಲಿ ಹೇಳಿದರು, ವೇದಿಕೆಯಲ್ಲಿ ಹೇಳಿದರು. ಹೆಣ್ಣುಮಕ್ಕಳಿಗೆ ಆಸ್ತಿಯ ಹಕ್ಕು ಕೊಡುವ ಕಾನೂನನ್ನು ತಮ್ಮ ಮೇಜಿನ ಮೇಲೆ ಕೊಳೆಯಲು ಬಿಡಲಿಲ್ಲ. ವಿಚಾರದಲ್ಲಿ ಅವರು ಹಿಂದೆ ಉಳಿದಿದ್ದರು, ನಡತೆಯಲ್ಲಿ ನೇರವಾಗಿದ್ದರು.

ನಂತರ ಬಂದ ರಾಧಾಕೃಷ್ಣನ್ 1918ರಿಂದ ಮೂರು ವರ್ಷ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು. ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಸಾರೋಟಿನ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ರೈಲ್ವೆ ನಿಲ್ದಾಣಕ್ಕೆ ಒಯ್ದರು. ರಾಷ್ಟ್ರಪತಿಯಾಗಿ ಅವರು ಬಳಸಿದ್ದು ಮಾತಿನ ಬಲ. 1967ರ ಗಣರಾಜ್ಯೋತ್ಸವದ ಮುನ್ನಾದಿನ, ಎಲ್ಲ ಕಷ್ಟಗಳನ್ನು ಲೆಕ್ಕಕ್ಕೆ ಹಿಡಿದರೂ ಎಲ್ಲೆಡೆ ಹಬ್ಬಿರುವ ಅದಕ್ಷತೆಯನ್ನೂ ಸಂಪನ್ಮೂಲಗಳ ದುರ್ಬಳಕೆಯನ್ನೂ ಕ್ಷಮಿಸಲಾಗದು ಎಂದು ದೇಶಕ್ಕೆ ಕೇಳುವಂತೆ ಹೇಳಿದರು. ಆಗ ಸರ್ಕಾರ ಅವರದೇ ಪಕ್ಕದ ಕಟ್ಟಡದಲ್ಲಿತ್ತು.

ಇನ್ನು 1975ರ ಜೂನ್ 25ರ ರಾತ್ರಿ. ಈ ಚರಿತ್ರೆಯಲ್ಲಿ ಅದರಷ್ಟು ಕತ್ತಲೆಯ ಪುಟ ಇನ್ನೊಂದಿಲ್ಲ.

ಇಂದಿರಾ ಗಾಂಧಿ ಸಂಜೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಸಿದ್ಧಾರ್ಥ ಶಂಕರ್ ರೇ ಅವರೊಂದಿಗೆ ರಾಷ್ಟ್ರಪತಿ ಭವನಕ್ಕೆ ಹೋಗಿ ಬಂದರು. ಆಮೇಲೆ ಪತ್ರ ಬಂತು. ಆಂತರಿಕ ಗಲಭೆಯಿಂದ ದೇಶದ ಭದ್ರತೆಗೆ ಸನ್ನಿಹಿತ ಅಪಾಯವಿದೆ, ಸಂಪುಟದ ಮುಂದಿಡಬೇಕೆಂದಿದ್ದರೂ ಈ ರಾತ್ರಿ ಅದು ಸಾಧ್ಯವಿಲ್ಲ ಎಂಬುದು ಅದರ ಸಾರ. ಅಂದರೆ, ರಾಷ್ಟ್ರಪತಿ ಯಾರ ಸಲಹೆಯಂತೆ ನಡೆಯಬೇಕೋ ಆ ಮಂತ್ರಿಮಂಡಲಕ್ಕೆ ವಿಷಯವೇ ಗೊತ್ತಿರಲಿಲ್ಲ. ಪತ್ರವನ್ನು ನೋಡಿದ ರಾಷ್ಟ್ರಪತಿಯ ಕಾರ್ಯದರ್ಶಿ ಕೆ. ಬಾಲಚಂದ್ರನ್, ಈ ರೀತಿ ಮಾಡುವುದು ಸಂವಿಧಾನಕ್ಕೆ ಹೊಂದುವುದಿಲ್ಲ ಎಂದು ಅಹ್ಮದ್ ಅವರಿಗೆ ಹೇಳಿದ್ದಾಗಿ ಮುಂದೆ ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗದ ಎದುರು ನುಡಿದರು. ಅಹ್ಮದ್ ಕಾನೂನು ಓದಿದವರು, ವಕೀಲಿ ಮಾಡಿದವರು. ಮಧ್ಯರಾತ್ರಿಗೆ ಮುಂಚೆಯೇ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಂಪುಟ ಸೇರಿದ್ದು ಮರುದಿನ ಬೆಳಿಗ್ಗೆ ಆರು ಗಂಟೆಗೆ, ನಡೆದುಹೋದದ್ದಕ್ಕೆ ತಲೆಯಾಡಿಸಲು. ಅಷ್ಟರಲ್ಲಿ ಜಯಪ್ರಕಾಶ್ ನಾರಾಯಣ್ ಸೆರೆಯಲ್ಲಿದ್ದರು.

ಅಹ್ಮದ್ ಕೇಳಬಹುದಾಗಿದ್ದ ಪ್ರಶ್ನೆ ಒಂದೇ: ಬೆಳಗಾಗುವವರೆಗೆ ಕಾದರೆ ಏನಾಗುತ್ತದೆ? ಪಕ್ಕದಲ್ಲೇ ಇದ್ದ ಅಧಿಕಾರಿ ತಪ್ಪನ್ನು ತೋರಿಸಿಯಾಗಿತ್ತು. ಸಂಪುಟವನ್ನು ಸೇರಿಸಿ ಎಂದು ಕೇಳುವುದು ಪ್ರಧಾನಿಯನ್ನು ಧಿಕ್ಕರಿಸಿದಂತೆಯೂ ಆಗುತ್ತಿರಲಿಲ್ಲ. ನಿಯಮವೇ ಅದನ್ನು ಹೇಳುತ್ತಿತ್ತು. ಆ ಡಿಸೆಂಬರಿನಲ್ಲಿ ಅಬು ಅಬ್ರಹಾಂ ಬರೆದ ವ್ಯಂಗ್ಯಚಿತ್ರದಲ್ಲಿ ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಕೂತೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಬಾಗಿಲಾಚೆ ಕೊಡುತ್ತಿದ್ದಾರೆ. ದೇಶದ ನೆನಪಿನಲ್ಲಿ ಅಹ್ಮದ್ ಅವರ ಬದುಕಿನ ಬೇರೆಲ್ಲವನ್ನೂ ಆ ಚಿತ್ರ ಮುಚ್ಚಿಹಾಕಿತು.

ತುರ್ತು ಪರಿಸ್ಥಿತಿಯ ನಡುವೆಯೇ 42ನೇ ತಿದ್ದುಪಡಿ ಬಂದು, ರಾಷ್ಟ್ರಪತಿ ಸಲಹೆಯಂತೆ ನಡೆಯತಕ್ಕದ್ದು ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ ಬರೆಯಿತು. ಜತ್ತಿಯವರ ಕೈ ಕಟ್ಟಿದ್ದು ಇದೇ ಸಾಲು. ಜನತಾ ಸರ್ಕಾರ 1978ರಲ್ಲಿ 44ನೇ ತಿದ್ದುಪಡಿ ತಂದಾಗ ಆ ಸಾಲನ್ನು ಅಳಿಸಲಿಲ್ಲ, ಪಕ್ಕದಲ್ಲಿ ಒಂದು ಕಿಟಕಿ ತೆರೆಯಿತು: ಸಲಹೆಯನ್ನು ಮತ್ತೊಮ್ಮೆ ಪರಿಶೀಲಿಸಿ ಎಂದು ರಾಷ್ಟ್ರಪತಿ ಹೇಳಬಹುದು, ಪರಿಶೀಲಿಸಿ ಅದನ್ನೇ ಕಳಿಸಿದರೆ ಒಪ್ಪಬೇಕು. ತುರ್ತು ಪರಿಸ್ಥಿತಿ ಘೋಷಿಸಲು ಸಂಪುಟದ ನಿರ್ಧಾರ ಲಿಖಿತವಾಗಿ ಬಂದಿರಲೇಬೇಕು ಎಂಬ ಷರತ್ತೂ ಆಗಲೇ ಸೇರಿತು. ಜೂನ್ 25ರ ರಾತ್ರಿ ಏನೇನು ಇರಲಿಲ್ಲವೋ ಅದನ್ನು ಕಾನೂನು ತುಂಬಿಕೊಟ್ಟಂತಾಯಿತು. ಮಸೂದೆಗಳ ವಿಷಯದಲ್ಲಿ 111ನೇ ವಿಧಿ ಮೊದಲಿನಿಂದಲೂ ಇಂಥ ಅವಕಾಶ ಕೊಟ್ಟಿತ್ತು. ಒಟ್ಟಿನಲ್ಲಿ ರಾಷ್ಟ್ರಪತಿಗೆ ಸಿಕ್ಕಿದ್ದು ಒಂದು ಸಲ ಕೇಳುವ ಹಕ್ಕು. ಅದನ್ನು ಯಾರು ಹೇಗೆ ಬಳಸಿದರು, ಯಾರು ಬಳಸಲಿಲ್ಲ ಎಂಬುದೇ ಮುಂದಿನ ಕತೆ.

ಗ್ಯಾನಿ ಜೈಲ್ ಸಿಂಗ್ ಬಳಸಿದ್ದು ಮೌನವನ್ನು. ಇಂದಿರಾ ಹೇಳಿದರೆ ಪೊರಕೆ ಹಿಡಿಯಲೂ ಸಿದ್ಧ ಎಂಬ ಅವರ ಮಾತು ಪ್ರಸಿದ್ಧ. ಅಂಥವರೇ ರಾಜೀವ್ ಗಾಂಧಿಯ ಕಾಲದಲ್ಲಿ ಸರ್ಕಾರಕ್ಕೆ ನುಂಗಲಾರದ ತುತ್ತಾದರು. ಜನರ ಕಾಗದಪತ್ರಗಳನ್ನು ತಡೆದು ನೋಡಲು ಸರ್ಕಾರಕ್ಕೆ ವಿಶಾಲ ಅಧಿಕಾರ ಕೊಡುವ ಅಂಚೆ ತಿದ್ದುಪಡಿ ಮಸೂದೆ 1986ರಲ್ಲಿ ಎರಡೂ ಸದನಗಳಲ್ಲಿ ಪಾಸಾಗಿ ಬಂತು. ಜೈಲ್ ಸಿಂಗ್ ಸಹಿಯನ್ನೂ ಹಾಕಲಿಲ್ಲ, ಹಿಂದಕ್ಕೂ ಕಳಿಸಲಿಲ್ಲ. 1987ರಲ್ಲಿ ಅವರು ಮನೆಗೆ ಹೋದರು, ಮಸೂದೆ ಅಲ್ಲೇ ಉಳಿಯಿತು. ಉತ್ತರಾಧಿಕಾರಿ ಆರ್. ವೆಂಕಟರಾಮನ್ 1990ರಲ್ಲಿ ಅದನ್ನು ಸಂಸತ್ತಿಗೆ ಮರಳಿಸಿದರು. ಕೊನೆಗೆ ವಾಜಪೇಯಿ ಸರ್ಕಾರ 2002ರಲ್ಲಿ ಹಿಂತೆಗೆದುಕೊಂಡಿತು. ನಾಗರಿಕರ ಪಾಲಿಗೆ ಫಲ ಒಳ್ಳೆಯದೇ ಆಯಿತು. ಆದರೆ ಕಡತವನ್ನು ಹೊದ್ದು ಕೂರುವ ಈ ದಾರಿಯಲ್ಲಿ ಏಕೆ ಬೇಡ ಎಂಬ ಕಾರಣ ದಾಖಲೆಗೆ ಹೋಗುವುದಿಲ್ಲ. ಒಳ್ಳೆಯ ಉದ್ದೇಶದಿಂದ ಕೂತವರಿಗೂ ಲಂಚಕ್ಕಾಗಿ ಕೂತವರಿಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣದು. ತಾಲ್ಲೂಕು ಕಚೇರಿಗೆ ಅಲೆದವರಿಗೆಲ್ಲ ಇದು ಗೊತ್ತು.

ವೆಂಕಟರಾಮನ್ ಬೇರೆ ಬಗೆಯ ಮನುಷ್ಯ. ನಿಯಮದ ಪುಸ್ತಕದ ಆಚೆಗೆ ಒಂದು ಹೆಜ್ಜೆ ಇಡದವರು. ರಾಷ್ಟ್ರಪತಿ ಎಂದರೆ ಕರೆಂಟು ಹೋದಾಗ ತಾನಾಗಿ ಹೊತ್ತಿಕೊಂಡು, ಬಂದಾಗ ಆರುವ ತುರ್ತು ದೀಪದ ಹಾಗೆ ಎಂಬುದು ಅವರದೇ ಹೋಲಿಕೆ. 1991ರಲ್ಲಿ ಲೋಕಸಭೆ ವಿಸರ್ಜನೆಯ ಅಂಚಿನಲ್ಲಿ, ರಾಷ್ಟ್ರಪತಿಯ ಪೂರ್ವ ಶಿಫಾರಸು ಪಡೆಯದೆಯೇ ಸಂಸದರ ಪಿಂಚಣಿಯ ಮಸೂದೆಯೊಂದು ಪಾಸಾದಾಗ ಅವರು ಅಂಕಿತ ನಿರಾಕರಿಸಿದರು. ದೀಪ ಹೊತ್ತಿತು. ಆದರೆ ಅದಕ್ಕೆ ಎರಡು ವರ್ಷ ಹಿಂದೆ, ಕರ್ನಾಟಕದ ಪಾಲಿಗೆ, ಅದು ಹೊತ್ತಿರಲಿಲ್ಲ.

ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದು 1988ರ ಆಗಸ್ಟ್ 13ರಂದು. 1989ರ ಏಪ್ರಿಲ್ ಮೂರನೇ ವಾರ, ಸರ್ಕಾರಕ್ಕೆ ಬೆಂಬಲ ಹಿಂತೆಗೆದಿದ್ದೇವೆ ಎಂದು 19 ಶಾಸಕರ ಸಹಿಯಿದ್ದ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈ ಸೇರಿದವು. ರಾಜ್ಯಪಾಲರು ರಾಷ್ಟ್ರಪತಿ ಆಡಳಿತಕ್ಕೆ ಶಿಫಾರಸು ಮಾಡಿ ದೆಹಲಿಗೆ ವರದಿ ಕಳಿಸಿದರು. ಮರುದಿನವೇ ಆ 19 ಮಂದಿಯಲ್ಲಿ ಏಳು ಜನ, ತಪ್ಪು ತಿಳಿವಳಿಕೆ ಕೊಟ್ಟು ತಮ್ಮ ಸಹಿ ಪಡೆಯಲಾಗಿದೆ, ತಾವು ಸರ್ಕಾರದ ಜೊತೆಗಿದ್ದೇವೆ ಎಂದು ಬರೆದರು. ಬಹುಮತವನ್ನು ಸದನದಲ್ಲೇ ತೋರಿಸುತ್ತೇನೆ, ಏಪ್ರಿಲ್ 27ಕ್ಕೆ ಅಧಿವೇಶನ ಕರೆದಿದ್ದೇನೆ, ಬೇಕಿದ್ದರೆ ಇನ್ನೂ ಬೇಗ ಸೇರೋಣ ಎಂದು ಬೊಮ್ಮಾಯಿ ಹೇಳಿದರು. ರಾಜ್ಯಪಾಲರು 20ರಂದು ಎರಡನೇ ವರದಿ ಬರೆದರು, ಅದೇ ಶಿಫಾರಸಿನೊಂದಿಗೆ. 21ರಂದು ರಾಷ್ಟ್ರಪತಿಯ ಘೋಷಣೆ ಹೊರಬಿತ್ತು. ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ.

ಇಷ್ಟು ಅವಸರ ಯಾಕೆ? ವಿಧಾನಸೌಧ ಅಲ್ಲೇ ಇತ್ತು, ಶಾಸಕರು ಊರಲ್ಲೇ ಇದ್ದರು. ತಲೆ ಎಣಿಸಲು ಒಂದು ಮಧ್ಯಾಹ್ನ ಸಾಕಿತ್ತು. ಸದನದಲ್ಲಿ ಏಕೆ ಪರೀಕ್ಷಿಸಲಿಲ್ಲ ಎಂದು ಕೇಳಿ ಕಡತವನ್ನು ಹಿಂದಕ್ಕೆ ಕಳಿಸುವ ಅಧಿಕಾರ 44ನೇ ತಿದ್ದುಪಡಿಯಿಂದಾಗಿ ವೆಂಕಟರಾಮನ್ ಅವರಿಗೆ ಇತ್ತು. ಜತ್ತಿಯವರಿಗೆ ಇಲ್ಲದಿದ್ದ ಅಧಿಕಾರ ಅದು. ನಿಯಮದ ಅಕ್ಷರ ಬಲ್ಲವರೇ ನಿಯಮ ಕೊಟ್ಟಿದ್ದ ಅತಿ ಸರಳ ಸಾಧನವನ್ನು ಎತ್ತಿಕೊಳ್ಳಲಿಲ್ಲ.

ಹೈಕೋರ್ಟಿನಲ್ಲಿ ಬೊಮ್ಮಾಯಿ ಸೋತರು, ಸುಪ್ರೀಂ ಕೋರ್ಟಿಗೆ ಹೋದರು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಬಹುಮತ ತೀರ್ಮಾನವಾಗಬೇಕಾದ ಜಾಗ ಸದನ, ರಾಜಭವನವಲ್ಲ. ಕರ್ನಾಟಕದ ವಜಾ ಸಂವಿಧಾನಬಾಹಿರ. ಐದು ವರ್ಷದಲ್ಲಿ ಚುನಾವಣೆ ಮುಗಿದು, ಬೇರೆ ಸರ್ಕಾರಗಳು ಬಂದು ಹೋಗಿದ್ದವು. ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ. ದೇಶಕ್ಕೆ ಸಿಕ್ಕಿದ್ದು ದೊಡ್ಡದು. ಇಂದಿಗೂ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಮೊದಲು ಎತ್ತುವ ಹೆಸರು ಹುಬ್ಬಳ್ಳಿಯ ವಕೀಲ ಬೊಮ್ಮಾಯಿಯವರದು.

ಆ ತೀರ್ಪನ್ನು ಕೈದೀಪದಂತೆ ಹಿಡಿದು ನಡೆದವರು ಕೆ.ಆರ್. ನಾರಾಯಣನ್. ಕೇರಳದ ಉಳವೂರಿನ ಬಡ ದಲಿತ ಕುಟುಂಬದಲ್ಲಿ ಹುಟ್ಟಿ, ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗಿ, ಶುಲ್ಕ ಕಟ್ಟಲಾಗದೆ ತರಗತಿಯ ಹೊರಗೆ ನಿಂತು ಪಾಠ ಕೇಳಿದ ಹುಡುಗ. ಲಂಡನ್ನಿನಲ್ಲಿ ಹೆರಾಲ್ಡ್ ಲಾಸ್ಕಿಯ ಶಿಷ್ಯ, ಆಮೇಲೆ ರಾಯಭಾರಿ. 1997ರ ಜುಲೈನಲ್ಲಿ ರಾಷ್ಟ್ರಪತಿಯಾದರು. ಮೂರು ತಿಂಗಳು ತುಂಬುವಷ್ಟರಲ್ಲಿ ಪರೀಕ್ಷೆ ಎದುರಾಯಿತು.

ಅಕ್ಟೋಬರ್ 21ರಂದು ಉತ್ತರ ಪ್ರದೇಶದ ವಿಧಾನಸಭೆಯಲ್ಲಿ ಮೈಕುಗಳು ಹಾರಾಡಿದವು, ಶಾಸಕರ ತಲೆ ಒಡೆಯಿತು. ಆ ಗದ್ದಲದ ನಡುವೆಯೇ ಬಿಜೆಪಿಯ ಕಲ್ಯಾಣ್ ಸಿಂಗ್ ವಿಶ್ವಾಸಮತ ಗೆದ್ದರು. ರಾಜ್ಯಪಾಲ ರೋಮೇಶ್ ಭಂಡಾರಿ ರಾಷ್ಟ್ರಪತಿ ಆಡಳಿತಕ್ಕೆ ಶಿಫಾರಸು ಮಾಡಿದರು, ಐ.ಕೆ. ಗುಜ್ರಾಲ್ ಸಂಪುಟ ಅದನ್ನು ಒಪ್ಪಿ ಕಳಿಸಿತು. ನಾರಾಯಣನ್ ಕಡತವನ್ನು ಕಾರಣಸಹಿತ ಹಿಂದಿರುಗಿಸಿದರು. ಸದನದಲ್ಲಿ ಬಹುಮತ ಸಾಬೀತಾದ ಮೇಲೆ, ಬೊಮ್ಮಾಯಿ ತೀರ್ಪಿನ ಬೆಳಕಿನಲ್ಲಿ, ಇದನ್ನು ಮರುಪರಿಶೀಲಿಸಿ ಎಂಬುದು ಅವರ ನಿಲುವು. ಸಂಪುಟ ಮತ್ತೆ ಸೇರಿ ಪ್ರಸ್ತಾವವನ್ನು ಕೈಬಿಟ್ಟಿತು. ನಾರಾಯಣನ್ ಅವರನ್ನು ಆರಿಸಿ ತಂದವರಲ್ಲಿ ಆ ಸಂಪುಟದ ಪಕ್ಷಗಳೂ ಇದ್ದವು ಎಂಬುದು ನೆನಪಿರಲಿ.

ಮರುವರ್ಷ ಸರ್ಕಾರ ಬದಲಾಗಿತ್ತು. ವಾಜಪೇಯಿ ಸಂಪುಟ 1998ರ ಸೆಪ್ಟೆಂಬರಿನಲ್ಲಿ ಬಿಹಾರದ ರಾಬ್ಡಿ ದೇವಿ ಸರ್ಕಾರವನ್ನು ವಜಾ ಮಾಡಲು ಸಲಹೆ ನೀಡಿತು. ಸೆಪ್ಟೆಂಬರ್ 25ರಂದು ಅದೂ ಹಿಂದಕ್ಕೆ ಹೋಯಿತು. ಪಕ್ಷ ಬೇರೆ, ಪ್ರಧಾನಿ ಬೇರೆ, ಅಳತೆಗೋಲು ಅದೇ. 1999ರ ಫೆಬ್ರುವರಿಯಲ್ಲಿ, ಬಿಹಾರದಲ್ಲಿ ದಲಿತರ ಹತ್ಯಾಕಾಂಡಗಳು ನಡೆದ ಮೇಲೆ ಸಲಹೆ ಮತ್ತೆ ಬಂದಾಗ ಸಹಿ ಹಾಕಿದರು. ರಾಜ್ಯಸಭೆಯಲ್ಲಿ ಬೆಂಬಲ ಸಿಗುವುದಿಲ್ಲವೆಂದು ತಿಳಿದು ಕೇಂದ್ರವೇ ಒಂದು ತಿಂಗಳೊಳಗೆ ಆ ಆಡಳಿತವನ್ನು ಹಿಂತೆಗೆದುಕೊಂಡಿತು.

ನಾರಾಯಣನ್ ಅವರ ಇನ್ನೊಂದು ಅಭ್ಯಾಸ ಯಾವ ಕಚೇರಿಗಾದರೂ ಹೊಂದುವಂಥದ್ದು. ಮುಖ್ಯ ನಿರ್ಧಾರ ಕೈಗೊಂಡಾಗ ಕಾರಣಗಳನ್ನು ಪ್ರಕಟಣೆಯಲ್ಲಿ ಜನರ ಮುಂದಿಡುತ್ತಿದ್ದರು. 1998ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬಾರದಿದ್ದಾಗ, ವಾಜಪೇಯಿಯವರನ್ನು ಸರ್ಕಾರ ರಚಿಸಲು ಕರೆಯುವ ಮುನ್ನ ಮಿತ್ರಪಕ್ಷಗಳ ಬೆಂಬಲದ ಪತ್ರಗಳನ್ನು ಲಿಖಿತವಾಗಿ ತರಿಸಿಕೊಂಡರು. ಬಾಯಿಮಾತಿನ ಭರವಸೆಗೆ ಅವರ ಮೇಜಿನ ಮೇಲೆ ಜಾಗವಿರಲಿಲ್ಲ. ಅದೇ ಚುನಾವಣೆಯಲ್ಲಿ ಸಾಮಾನ್ಯರಂತೆ ಸಾಲಿನಲ್ಲಿ ನಿಂತು ಮತ ಹಾಕಿದರು; ಹುದ್ದೆಯಲ್ಲಿದ್ದಾಗ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದ ಮೊದಲ ರಾಷ್ಟ್ರಪತಿ ಅವರು.

ಎ.ಪಿ.ಜೆ. ಅಬ್ದುಲ್ ಕಲಾಂ ಎಂದರೆ ಮಕ್ಕಳಿಗೆ ಕನಸು ಹೇಳಿಕೊಟ್ಟ ಮೇಷ್ಟ್ರು ಎಂಬ ಚಿತ್ರವೇ ಮುಂದೆ ಬರುತ್ತದೆ. ಸಹಿಯ ವಿಷಯದಲ್ಲಿ ಅವರ ಅನುಭವ ಮೂರು ಬಗೆಯದು, ಮೂರೂ ಕಲಿಯತಕ್ಕವು.

ಅಭ್ಯರ್ಥಿಗಳ ಅಪರಾಧ ಹಿನ್ನೆಲೆ, ಆಸ್ತಿ, ವಿದ್ಯಾಭ್ಯಾಸದ ವಿವರ ತಿಳಿಯುವುದು ಮತದಾರರ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರ ಮೇ ತಿಂಗಳಲ್ಲಿ ಹೇಳಿತ್ತು. ಬಹುತೇಕ ಎಲ್ಲ ಪಕ್ಷಗಳೂ ಒಂದಾಗಿ ಅದನ್ನು ತೆಳುವಾಗಿಸುವ ಸುಗ್ರೀವಾಜ್ಞೆಗೆ ಒಪ್ಪಿದವು. ಕಲಾಂ ಅಧಿಕಾರಕ್ಕೆ ಬಂದು ತಿಂಗಳೂ ತುಂಬಿರಲಿಲ್ಲ. ಆಗಸ್ಟಿನಲ್ಲಿ ಪ್ರಶ್ನೆಗಳೊಂದಿಗೆ ಸುಗ್ರೀವಾಜ್ಞೆಯನ್ನು ಹಿಂದಿರುಗಿಸಿದರು. ಸಂಪುಟ ಅದನ್ನೇ ಮತ್ತೆ ಕಳಿಸಿತು. ಸಂವಿಧಾನದಂತೆ ಸಹಿ ಹಾಕಿದರು. ಸೋತರು ಎಂದುಕೊಂಡವರುಂಟು. 2003ರ ಮಾರ್ಚ್ 13ರಂದು ಸುಪ್ರೀಂ ಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗವನ್ನೇ ಹೊಡೆದುಹಾಕಿತು. ಪ್ರತಿ ಚುನಾವಣೆಯಲ್ಲೂ ನಮ್ಮ ಪತ್ರಿಕೆಗಳು ಅಚ್ಚುಹಾಕುವ ಅಭ್ಯರ್ಥಿಗಳ ಆಸ್ತಿ ಪಟ್ಟಿ ಆ ಹೋರಾಟದ ಫಲ.

ಎರಡನೆಯದು ನೋವಿನ ಕತೆ. ಬಿಹಾರದಲ್ಲಿ 2005ರ ಫೆಬ್ರುವರಿ ಚುನಾವಣೆ ಯಾರಿಗೂ ಬಹುಮತ ಕೊಟ್ಟಿರಲಿಲ್ಲ. ಹೊಸ ವಿಧಾನಸಭೆ ಒಮ್ಮೆಯೂ ಸೇರಿರಲಿಲ್ಲ. ಕುದುರೆ ವ್ಯಾಪಾರ ನಡೆಯುತ್ತಿದೆ ಎಂದು ರಾಜ್ಯಪಾಲ ಬೂಟಾ ಸಿಂಗ್ ಬರೆದರು. ಮೇ 22ರ ತಡರಾತ್ರಿ ಸಂಪುಟ ಸೇರಿ ವಿಸರ್ಜನೆಗೆ ಒಪ್ಪಿತು. ಕಲಾಂ ಮಾಸ್ಕೋದಲ್ಲಿದ್ದರು. ಕಾಗದ ಫ್ಯಾಕ್ಸಿನಲ್ಲಿ ಹೋಯಿತು, ಪ್ರಧಾನಿಯೊಂದಿಗೆ ಫೋನಿನಲ್ಲಿ ಮಾತಾಯಿತು, ಬೆಳಗಾಗುವ ಮುನ್ನವೇ ಸಹಿ ಮರಳಿ ಬಂತು. ಆ ವಿಸರ್ಜನೆ ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಅಕ್ಟೋಬರಿನಲ್ಲಿ ಹೇಳಿತು, 2006ರ ಜನವರಿ 24ರಂದು ವಿವರವಾದ ತೀರ್ಪಿನಲ್ಲಿ ಕಾರಣಗಳನ್ನು ಬಿಡಿಸಿಟ್ಟಿತು. ರಾಜೀನಾಮೆ ಪತ್ರ ಬರೆದಿಟ್ಟಿದ್ದೆ, ಪ್ರಧಾನಿ ಮನಮೋಹನ್ ಸಿಂಗ್ ಬೇಡವೆಂದು ಕೇಳಿಕೊಂಡದ್ದರಿಂದ ಕೊಡಲಿಲ್ಲ ಎಂದು ಕಲಾಂ 2012ರ ತಮ್ಮ ಪುಸ್ತಕದಲ್ಲಿ ಬರೆದರು. ಮೂರು ವರ್ಷ ಹಿಂದೆ ಹಗಲಿನಲ್ಲಿ, ಸ್ವಂತ ಮೇಜಿನಲ್ಲಿ ಕೂತು ಪ್ರಶ್ನೆ ಕೇಳಿದ್ದ ಅದೇ ಮನುಷ್ಯ, ದೂರದ ಊರಿನ ಅಪರಾತ್ರಿಯಲ್ಲಿ ಕಡತವನ್ನು ಹಿಂದಿರುಗಿಸದೆ ಹೋದರು.

ಇಂಥ ರಾತ್ರಿಗಳು ಕಂಪನಿಗಳಲ್ಲೂ ಉಂಟು. 1986ರ ಜನವರಿ 27ರ ರಾತ್ರಿ ಫ್ಲಾರಿಡಾದಲ್ಲಿ ವಿಪರೀತ ಚಳಿ. ಚಾಲೆಂಜರ್ ಬಾಹ್ಯಾಕಾಶ ನೌಕೆಯ ಬೂಸ್ಟರ್ ರಾಕೆಟ್ ತಯಾರಿಸಿದ ಕಂಪನಿಯ ಯೋಜನಾ ನಿರ್ದೇಶಕ ಆಲನ್ ಮೆಕ್‌ಡೊನಾಲ್ಡ್, ಈ ಚಳಿಯಲ್ಲಿ ರಬ್ಬರ್ ಮುದ್ರೆಗಳು ತಡೆಯಲಾರವು ಎಂದು ಉಡಾವಣೆಯ ಶಿಫಾರಸಿಗೆ ಸಹಿ ಹಾಕಲು ಒಪ್ಪಲಿಲ್ಲ. ಯೂಟಾದಲ್ಲಿದ್ದ ಅವರ ಮೇಲಧಿಕಾರಿ ಸಹಿ ಹಾಕಿ ಫ್ಯಾಕ್ಸ್ ಮಾಡಿದರು. ಮರುದಿನ ನೌಕೆ ಆಕಾಶದಲ್ಲೇ ಸಿಡಿದು ಏಳು ಮಂದಿ ಸತ್ತರು. ನಮ್ಮಲ್ಲೇ, 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷ ರಾಮಲಿಂಗ ರಾಜು ಪುಸ್ತಕದಲ್ಲಿರುವ 5,000 ಕೋಟಿ ರೂಪಾಯಿಗೂ ಮಿಕ್ಕ ಹಣ ನಿಜದಲ್ಲಿ ಇಲ್ಲವೆಂದು ಪತ್ರ ಬರೆದು ಒಪ್ಪಿಕೊಂಡಾಗ, ಆ ಲೆಕ್ಕಪತ್ರಗಳ ಮೇಲೆ ಪರಿಶೋಧಕರ ಸಹಿ ವರ್ಷಗಟ್ಟಲೆ ಬಿದ್ದಿತ್ತು.

ಕಲಾಂ ಅವರ ಮೂರನೆಯ ಪ್ರಸಂಗ 2006ರದು. ಲಾಭದಾಯಕ ಹುದ್ದೆ ಹೊಂದಿದ ಸಂಸದರನ್ನು ಅನರ್ಹತೆಯಿಂದ ಪಾರುಮಾಡುವ ಮಸೂದೆ, ಹಿಂದಿನ ದಿನಾಂಕದಿಂದ ಅನ್ವಯವಾಗುವಂತೆ ಸಂಸತ್ತಿನಲ್ಲಿ ಪಾಸಾಗಿ ಬಂತು. ಮೇ 30ರಂದು ಕಲಾಂ ಅದನ್ನು ಸಂಸತ್ತಿಗೇ ಹಿಂದಿರುಗಿಸಿದರು. ಎಲ್ಲ ರಾಜ್ಯಗಳಿಗೂ ಒಪ್ಪುವ, ಸ್ಪಷ್ಟವಾದ ಮಾನದಂಡ ಬೇಡವೇ ಎಂಬುದು ಅವರ ಪ್ರಶ್ನೆ. ಸಂಸತ್ತು ಒಂದಕ್ಷರ ಬದಲಿಸದೆ ಮತ್ತೆ ಕಳಿಸಿತು. ಈ ನಡುವೆ, ಲಾಭದಾಯಕ ಹುದ್ದೆಯ ವ್ಯಾಖ್ಯೆ ಪರಿಶೀಲಿಸಲು ಜಂಟಿ ಸಂಸದೀಯ ಸಮಿತಿ ರಚಿಸಲು ಒಪ್ಪಿಗೆಯಾಯಿತು. ಆಗಸ್ಟ್ 18ರಂದು ಕಲಾಂ ಅಂಕಿತ ಹಾಕಿದರು. ಬಿಹಾರದ ಪೆಟ್ಟು ತಿಂದವರು ಅದೇ ವರ್ಷ ಮತ್ತೆ ತಮ್ಮ ಹಳೆಯ ಅಭ್ಯಾಸಕ್ಕೆ ಮರಳಿದ್ದು ಗಮನಿಸಬೇಕಾದ ಸಂಗತಿ.

ಈ ರಾಷ್ಟ್ರಪತಿಗಳಲ್ಲಿ ಯಾರೊಬ್ಬರೂ ಕೇಂದ್ರ ಸರ್ಕಾರವನ್ನು ಉರುಳಿಸಲಿಲ್ಲ, ಯಾರೂ ಎರಡನೇ ಸಲ ಬಂದ ಕಡತಕ್ಕೆ ಅಡ್ಡ ನಿಲ್ಲಲಿಲ್ಲ. ಹಾಗಿದ್ದೂ ಅಹ್ಮದ್ ಮತ್ತು ನಾರಾಯಣನ್ ನಡುವೆ ಅಜಗಜಾಂತರ ಬಿದ್ದದ್ದು ಕಾಗದ ಬಂದ ಹೊತ್ತಿಗೂ ಲೇಖನಿ ಎತ್ತಿದ ಹೊತ್ತಿಗೂ ನಡುವೆ ಅವರವರು ಏನು ಮಾಡಿದರು ಎಂಬುದರಿಂದ. ನಾರಾಯಣನ್ ಓದಿದರು, ತೀರ್ಪನ್ನು ಎದುರಿಟ್ಟುಕೊಂಡರು, ಕಾರಣ ಬರೆದರು, ಬೇರೆ ಬೇರೆ ಪಕ್ಷಗಳ ಎರಡು ಸರ್ಕಾರಗಳಿಗೂ ಒಂದೇ ಉತ್ತರ ಕೊಟ್ಟರು. ಮೇಲಿನವರ ಒತ್ತಡಕ್ಕೂ ಕೆಳಗಿನವರ ಅವಸರಕ್ಕೂ ನಡುವೆ ಸಿಕ್ಕ ಮಧ್ಯಮ ಹಂತದ ಅಧಿಕಾರಿಗೆ ಇದಕ್ಕಿಂತ ಹೊಂದುವ ಮಾದರಿ ನಮ್ಮ ಸಾರ್ವಜನಿಕ ಜೀವನದಲ್ಲಿ ಕಾಣದು.

ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜುಗಳು, ಎಂಜಿನಿಯರಿಂಗ್ ಕಾಲೇಜುಗಳು, ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಲಿಂಕನ್, ಕೆನಡಿಯರ ಪಾಠದ ಜೊತೆಗೆ 1975ರ ಜೂನ್ 25, 1989ರ ಏಪ್ರಿಲ್ 21 ಮತ್ತು 1997ರ ಅಕ್ಟೋಬರಿನ ಈ ಮೂರು ಕಡತಗಳನ್ನೂ ಪಠ್ಯಕ್ಕೆ ಸೇರಿಸಿಕೊಳ್ಳಲಿ. ಶಾ ಆಯೋಗದ ವರದಿಯೂ ಬೊಮ್ಮಾಯಿ ತೀರ್ಪೂ ಯಾರು ಬೇಕಾದರೂ ಓದಲು ಸಿಗುತ್ತವೆ.